ಕಲ್ಲು ನಿಧಾನಿಸುವ ಜಾಗ

ಆ ಊರು ಎಲ್ಲಿತ್ತು ಅಂತ ಮಾತ್ರ ಕೇಳಬೇಡಿ. ಕೇಳಿದರೆ ದಾರಿ ಹೇಳಬೇಕಾಗುತ್ತದೆ. ದಾರಿ ಹೇಳಿದರೆ ನೀವು ಹೋಗಿಯೇ ಹೋಗುತ್ತೀರಿ. ಹೋದರೆ ಅವರು ನಿಮ್ಮ ಬಾಯಿಗೂ ನೀರು ತುಂಬುತ್ತಾರೆ. ಬೇಡ, ಇಲ್ಲೇ ಕೂತು ಕೇಳಿ.

ಆ ಊರಲ್ಲಿ ಒಂದು ಕಟ್ಟಳೆ ಇತ್ತು. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸು ಬಾಯಿ ತುಂಬ ನೀರು ಹಿಡಿದಿರಬೇಕು. ಮೊದಲ ಹಿಡಿ ಕಾಳು ಹಾಕುವಾಗ ಹಿಡಿದ ನೀರು ಕೊನೆಯ ಹಿಡಿ ಹಿಟ್ಟಾಗುವವರೆಗೆ ಬಾಯಲ್ಲೇ ಇರಬೇಕು. ನುಂಗಬಾರದು, ಚೆಲ್ಲಬಾರದು. ನಮ್ಮ ಕಡೆ ಕೋಳಿ ಕೂಗುವ ಮೊದಲೇ ಎದ್ದು ಬೀಸುತ್ತಾರಲ್ಲ, ಅಲ್ಲಿ ಹಾಗಲ್ಲ. ನಡು ಮಧ್ಯಾಹ್ನ, ನೆರಳು ಕಾಲ ಕೆಳಗೆ ಬಂದ ಹೊತ್ತಿಗೆ, ಮನೆಮನೆಯ ಬಾಗಿಲು ಹಾರುಹೊಡೆದು ಬೀಸಬೇಕು. ಬೀದಿಯಲ್ಲಿ ಹೋಗುವವರಿಗೆ ಉಬ್ಬಿದ ಕೆನ್ನೆ ಕಾಣಬೇಕು.

ಆ ಹೊತ್ತಿನಲ್ಲಿ ಬೀದಿಯಲ್ಲಿ ಓಡಾಡುವವಳು ಒಬ್ಬಳೇ, ತಂಬಿಗೆಯವಳು. ಗಿಡ್ಡನೆಯ ಹೆಂಗಸು, ಕಂಕುಳಲ್ಲಿ ತಾಮ್ರದ ದೊಡ್ಡ ತಂಬಿಗೆ. ಬೀಸಿ ಮುಗಿಸಿದವರು ಬಾಯಲ್ಲಿದ್ದ ನೀರನ್ನು ಅವಳ ಕಣ್ಣೆದುರಿಗೇ ಆ ತಂಬಿಗೆಗೆ ಉಗುಳಬೇಕು. ಅವಳು ಬಗ್ಗಿ ನೋಡಿ "ತುಂಬ ಐತಿ" ಅಂದರೆ ಆ ಮನೆಯಲ್ಲಿ ರೊಟ್ಟಿ ಬಡಿಯಬಹುದು. "ಕಡಿಮಿ ಐತಿ" ಅಂದರೆ ನ್ಯಾಯದ ಕಟ್ಟೆಗೆ ಕರೆ. ಎಲ್ಲ ಮನೆಯ ನೀರನ್ನೂ ಒಯ್ದು ಕಟ್ಟೆಯ ಬೇವಿನ ಬುಡಕ್ಕೆ ಸುರಿಯುತ್ತಿದ್ದಳು. ಬೇವು ಎಲ್ಲ ಊರಲ್ಲೂ ಕಹಿ. ಆ ಊರಿನ ಬೇವಿನೆಲೆ ಬಾಯಿಗೆ ಹಾಕಿದರೆ ಉಪ್ಪುಪ್ಪು.

ಯಾಕೆ ಹೀಗೆ ಅಂದರೆ, ಹಿಂದೆ ಯಾವಾಗಲೋ ಒಬ್ಬಳು ಕಲ್ಲಿನ ಮುಂದೆ ಕೂತು ತನ್ನ ದುಃಖ ಹಾಡಿಕೊಂಡಳಂತೆ. ಪಕ್ಕದ ಮನೆಯವಳು ಕೇಳಿ ತನ್ನದನ್ನು ನೆನೆದಳು. ಅವಳ ಪಕ್ಕದವಳು ಅದನ್ನು ಕೇಳಿ ತನ್ನದನ್ನು. ಮೂರು ಹಗಲು ಊರಿಗೆ ಊರೇ ಅತ್ತಿತಂತೆ. ಎಮ್ಮೆ ಹಿಂಡುವವರಿಲ್ಲ, ಒಲೆ ಹಚ್ಚುವವರಿಲ್ಲ, ತೆನೆ ಹೊಲದಲ್ಲೇ ಉದುರಿತಂತೆ. ಆಗಿನ ಹಿರಿಯರು ಯೋಚಿಸಿ ಯೋಚಿಸಿ, ದುಃಖ ಹೊರಗೆ ಬರುವ ಬಾಗಿಲು ಬಾಯಿ, ಆ ಬಾಗಿಲಿಗೆ ನೀರಿನ ಅಗುಳಿ ಹಾಕಿಬಿಡಿ ಅಂದರಂತೆ. ಅವತ್ತಿನಿಂದ ಅಲ್ಲಿ ಯಾರೂ ಅತ್ತದ್ದಿಲ್ಲ. ಸತ್ತವರ ಮಾತು ಎತ್ತುವುದಿಲ್ಲ. ಮಣ್ಣು ಕೊಟ್ಟು ಬಂದ ಮಧ್ಯಾಹ್ನವೇ ಕಲ್ಲಿನ ಮುಂದೆ ಕೂರುವುದು.

ಬಾಯಲ್ಲಿ ನೀರು, ಕೈಯಲ್ಲಿ ಗೂಟ, ಕಲ್ಲು ತಿರುಗುತ್ತಿತ್ತು.

ಈ ಊರಿಗೆ ವರ್ಷಕ್ಕೊಮ್ಮೆ, ಜೋಳದ ಸುಗ್ಗಿ ಮುಗಿದ ಮೇಲೆ, ಹೊರಗಿನವಳೊಬ್ಬಳು ಬರುತ್ತಿದ್ದಳು. ಬೀಸಿ ಬೀಸಿ ಕಲ್ಲು ನುಣುಪಾಗುತ್ತದಲ್ಲ, ಕಾಳು ಒಡೆಯದೆ ಜಾರುತ್ತದಲ್ಲ, ಆಗ ಉಳಿ ಹಿಡಿದು ಚುಕ್ಕಿ ಚುಕ್ಕಿಯಾಗಿ ಹೊಡೆದು ಕಲ್ಲಿಗೆ ಮತ್ತೆ ಹಲ್ಲು ಮೂಡಿಸುವವಳು. ಉಳಿಯವ್ವ ಅನ್ನುತ್ತಿದ್ದರು. ಹೆಗಲಿಗೊಂದು ಚೀಲ, ಚೀಲದಲ್ಲಿ ನಾಲ್ಕು ಉಳಿ, ಒಂದು ಸುತ್ತಿಗೆ. ಹೊರಗಿನವಳಾದ್ದರಿಂದ ಅವಳ ಬಾಯಿಗೆ ಯಾರೂ ನೀರು ಹಾಕುತ್ತಿರಲಿಲ್ಲ.

ಉಳಿಯವ್ವ ಯಾರನ್ನೂ ನಂಬಿದವಳಲ್ಲ. ಅವಳ ಕಸುಬೇ ಅಂಥದ್ದು. ಕಲ್ಲು ಮಗುಚಿ ನೋಡಿದರೆ ಸಾಕು, ಈ ಮನೆಯಲ್ಲಿ ಕಾಳು ಆರಿಸದೆ ಮರಳು ಸಮೇತ ಬೀಸುತ್ತಾರೆ, ಈ ಮನೆಯ ಸೊಸೆ ಎಡಚಿ, ಇಲ್ಲಿ ಇಬ್ಬರು ಎದುರುಬದುರು ಕೂತು ಗೂಟ ಹಿಡಿಯುತ್ತಾರೆ, ಎಲ್ಲ ಹೇಳಿಬಿಡುತ್ತಿದ್ದಳು. "ಅತ್ತಿ ನಾನೇ ಬೀಸ್ತೇನಿ ಅಂತಾಳ, ಕಲ್ಲು ಸೊಸಿ ಹೆಸರು ಹೇಳತೈತಿ" ಅಂತ ನಗುತ್ತಿದ್ದಳು. ಮನುಷ್ಯರು ಮಾತಾಡಿದರೆ ಮೊದಲು ಅನುಮಾನ, ಆಮೇಲೆ ಬಾಕಿ.

ಆ ಊರಲ್ಲಿ ಅವಳು ಮುಟ್ಟದ ಕಲ್ಲು ಒಂದೇ. ಕಟ್ಟೆಯಲ್ಲಿ ಕೂತು ನ್ಯಾಯ ಹೇಳುವ ಹಿರಿಯರೊಬ್ಬರ ಮನೆಯದು. ಅದನ್ನು ಮೂಲೆಯಲ್ಲಿ ಗೋಡೆಗೆ ಒತ್ತಿ ಇಟ್ಟು ಮೇಲೆ ಗೋಣಿ ಹೊದಿಸಿದ್ದರು. ಹಿರಿಯರ ಹಿಟ್ಟು ಬೇರೆ ಮನೆಯಿಂದ ಬರುತ್ತಿತ್ತು. "ನಿಮ್ಮದಕ್ಕ ಒಂದೀಟು ಉಳಿ ಹಾಕ್ಲೇನ್ರಿ ಅಜ್ಜಾರ?" ಅಂತ ಅವಳು ಪ್ರತಿವರ್ಷ ಕೇಳುವಳು. "ಬ್ಯಾಡ" ಅಂತ ಅವರು ಪ್ರತಿವರ್ಷ ಹೇಳುವರು. ಇದರಲ್ಲೂ ಏನೋ ಇದೆ ಅಂತ ಅವಳಿಗೆ ಅನುಮಾನ.

ಆ ವರ್ಷ ಅವಳು ಊರೊಳಗೆ ಕಾಲಿಡುತ್ತಲೇ ಹಿರಿಯರೇ ಎದುರಿಗೆ ಬಂದು ಬೇವಿನ ಕೆಳಗೆ ಕೂರಿಸಿಕೊಂಡರು. ಆಚೀಚೆ ನೋಡಿದರು.

"ಉಳಿಯವ್ವಾ, ಈ ಸಲ ಒಂದು ಕೆಲಸ ಐತಿ. ಮೂಕಿ ಮನಿ ಕಲ್ಲು ನೋಡಬೇಕು."

"ವರ್ಷಾ ನೋಡತೇನಲ್ಲರಿ. ಹೋದ ವರ್ಷ ಮಾತ್ರ ಆಕಿ ಬ್ಯಾಡ ಅಂತ ಕೈ ಆಡಿಸಿದಳು."

"ಹಂಗಲ್ಲ. ಆಕಿ ಕಲ್ಲಿನಾಗ ಜೋಳದ ಜೋಡಿ ಏನು ಹಾಕಿ ಬೀಸತಾಳ, ಅದು ಹೇಳಬೇಕು."

ಮೂಕಿ ಅಂದರೆ ಊರಂಚಿನ ಮನೆಯವಳು. ಗಂಡ ಕುರಿ ಹೊಡೆದುಕೊಂಡು ಹೋದವನು, ಆರು ತಿಂಗಳಿಗೊಮ್ಮೆ ಮುಖ ತೋರಿಸುವವನು. ಅವಳು ಹುಟ್ಟಿನಿಂದ ಮೂಕಿಯಲ್ಲ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಬೀಸಿ ಮುಗಿಸಿ, ತಂಬಿಗೆಗೆ ನೀರು ಉಗುಳಿ, ಆಮೇಲೆ ಮಾತೇ ಆಡಲಿಲ್ಲ. ಯಾಕೆ ಅಂತ ಉಳಿಯವ್ವ ಹಿಂದಿನ ವರ್ಷ ಕೇಳಿದ್ದಳು. ಊರವರು ಬೇವಿನ ಮರದ ಕಡೆ ನೋಡಿ ಜಾಗ ಖಾಲಿ ಮಾಡಿದ್ದರು.

"ಆಕಿ ಏನು ಮಾಡ್ಯಾಳ?" ಅಂದಳು ಉಳಿಯವ್ವ.

"ಸುಗ್ಗಿ ಊಟಕ್ಕ ಮನಿಗೊಂದು ಬುಟ್ಟಿ ರೊಟ್ಟಿ ಬಂದಿದ್ವು. ಮೂಕಿ ಬುಟ್ಟಿಗೆ ಕೈ ಹಾಕಿದವರ ಕಣ್ಣಾಗ..." ಹಿರಿಯರು ದನಿ ತಗ್ಗಿಸಿದರು. "ಕಣ್ಣಾಗ ನೀರು ಬಂತು."

"ಖಾರ ಆಗಿರಬೇಕು."

"ರೊಟ್ಟಿಗೆ ಯಾರು ಖಾರ ಹಾಕತಾರ? ನಗಬ್ಯಾಡ. ಆಕಿ ಏನೋ ಕಲಸತಾಳ. ಏನು ಅಂತ ನೀನು ಹೇಳಿದರ, ಆ ಕಲ್ಲು ಒಡದು ಆಕೀನ ಗಡಿ ಆಚೆ ಬಿಟ್ಟು ಬರತೇವಿ. ನಾಳೆ ಮಧ್ಯಾಹ್ನ ಎಲ್ಲಾರ ಮುಂದ ಹೇಳು."

"ಏನೂ ಸಿಗದಿದ್ದರ?"

"ಸಿಗತೈತಿ" ಅಂದರು ಹಿರಿಯರು.

ಉಳಿಯವ್ವ ಚೀಲ ಎತ್ತಿಕೊಂಡು ಎದ್ದಳು. ಹಿರಿಯರ ಕಣ್ಣಂಚು ಕೆಂಪಗಿದ್ದದ್ದನ್ನು ನೋಡಿದಳು. ನೋಡಿ ಮನಸ್ಸಲ್ಲಿಟ್ಟುಕೊಂಡಳು.

ಊರಂಚಿಗೆ ಬಂದರೆ ಎದುರುಮನೆಯವಳು ಅಡ್ಡ ಹಾಕಿದಳು. ಮೂಕಿಯ ಮನೆಗೆ ಬಾಗಿಲಿಗೆ ಬಾಗಿಲಾದ ಮನೆ ಅವಳದು. ಮಧ್ಯಾಹ್ನ ಬಾಯಿಗೆ ಬೀಗ ಬೀಳುವುದಕ್ಕೆ ಉಳಿದ ಹೊತ್ತೆಲ್ಲ ಬಡ್ಡಿ ಸಮೇತ ಮಾತಾಡುವ ಹೆಂಗಸು.

"ಬಂದ್ಯಾ ಯಕ್ಕಾ? ನೋಡವ್ವಾ ನೋಡು, ಸರಿಯಾಗಿ ನೋಡು. ನಾನಂತೂ ಆ ಮನಿ ಹಿಟ್ಟು ಕಣ್ಣೆತ್ತಿ ನೋಡೂದಿಲ್ಲ. ಯಾವ ಬೇರೋ, ಯಾವ ಬೂದಿಯೋ."

"ನೋಡೂದಿಲ್ಲ?"

"ಥೂ, ನಾನ್ಯಾಕ ನೋಡಲಿ!"

"ಮತ್ತ ಸೆರಗಿನಾಗ ಏನು ಕಟ್ಟಿಕೊಂಡೀ?"

ಎದುರುಮನೆಯವಳು ಸೆರಗು ಬಿಗಿಹಿಡಿದಳು. ಗಂಟಿನಿಂದ ಬೆಳ್ಳಗೆ ಹಿಟ್ಟು ಸೋರುತ್ತಿತ್ತು. ಮೂಕಿಯ ಹಿತ್ತಲ ಬಾಗಿಲಿಂದ ಅವಳ ಹೊಸ್ತಿಲವರೆಗೆ ಬಿಳಿ ಗೆರೆ ಎಳೆದಂತೆ ಬಿದ್ದಿತ್ತು. ಆ ಗೆರೆಯೊಂದೇ ಅಲ್ಲ. ಉಳಿಯವ್ವ ಹಿತ್ತಲಿಗೆ ಹೋಗಿ ನಿಂತು ನೋಡಿದರೆ ಹತ್ತು ಮನೆಗೆ ಹತ್ತು ಗೆರೆ. ಒಂದು ಗೆರೆ ದೂರ, ಬಹಳ ದೂರ ಹೋಗಿ ಕಟ್ಟೆಯ ಕಡೆ ತಿರುಗಿತ್ತು.

"ನನ್ನ ಗಂಡಗ ನಿದ್ದಿ ಬರತಿರಲಿಲ್ಲ ಯಕ್ಕಾ" ಅಂದಳು ಎದುರುಮನೆಯವಳು, ನೆಲ ನೋಡುತ್ತ. "ಈಗ ಆ ರೊಟ್ಟಿ ತಿಂದು ಕಣ್ಣು ಒರಸಿಕೊಂಡು ಮಲಗತಾನ. ಆದರೂ ತಪ್ಪು ತಪ್ಪೇ. ಆಕೀನ ಕಳಿಸಬೇಕು."

ಬಿಟ್ಟು ಬಾಳಲಾರರು, ಇಟ್ಟುಕೊಳ್ಳಲೂ ಒಲ್ಲರು. ಇಂಥವರ ಊರಲ್ಲಿ ಯಾರನ್ನು ನಂಬುವುದು ಹೇಳಿ.

ನೆರಳು ಕಾಲ ಕೆಳಗೆ ಬಂತು. ಬಾಗಿಲುಗಳು ತೆರೆದುಕೊಂಡವು. ಉಳಿಯವ್ವ ಮೂಕಿಯ ಪಡಸಾಲೆಯ ಕಂಬಕ್ಕೆ ಒರಗಿ ಕೂತಳು.

ಮೂಕಿ ಬಂದು ಕಲ್ಲಿನ ಮುಂದೆ ಕೂತಳು. ಸಣ್ಣ ಮೈ, ಉದ್ದ ಕೈ. ಚೊಂಬು ಎತ್ತಿ ಬಾಯಿ ತುಂಬ ನೀರು ತೆಗೆದುಕೊಂಡಳು. ಮೊರದಲ್ಲಿ ಜೋಳ. ಜೋಳ ಬಿಟ್ಟರೆ ಮತ್ತೇನೂ ಇಲ್ಲ. ಎಡಗೈಯಲ್ಲಿ ಹಿಡಿ ಕಾಳು, ಬಲಗೈಯಲ್ಲಿ ಗೂಟ. ಕಲ್ಲಿನ ಎದುರಿಗೆ ಗೇಣು ಅಗಲದ ಒಂದು ಮಣೆ ಇತ್ತು. ಅದರ ಮೇಲೆ ಯಾರೂ ಕೂತಿರಲಿಲ್ಲ. ಧೂಳೂ ಕೂತಿರಲಿಲ್ಲ.

ಬಾಯಲ್ಲಿ ನೀರು, ಕೈಯಲ್ಲಿ ಗೂಟ, ಕಲ್ಲು ತಿರುಗುತ್ತಿತ್ತು.

ಆದರೆ ಈ ಕಲ್ಲು ಬೇರೆ ಥರ ತಿರುಗುತ್ತಿತ್ತು. ಗರಗರಗರ ಅಂತ ಬಂದು, ಆ ಮಣೆಯ ಎದುರಿಗೆ ಬರುತ್ತಲೇ ಮೆಲ್ಲಗಾಗುತ್ತಿತ್ತು. ಒಂದು ಉಸಿರು ತಡೆಯುವಷ್ಟು. ಆಮೇಲೆ ಮತ್ತೆ ಗರಗರಗರ. ಪ್ರತಿ ಸುತ್ತಿಗೂ ಹಾಗೇ. ಇನ್ನೂ ಒಂದು ವಿಚಿತ್ರ. ಉಳಿಯವ್ವನ ಅಂಗಾಲಿಗೆ ಏನೋ ನಡುಗಿದಂತಾಯಿತು. ಕಲ್ಲು ತಿರುಗಿದರೆ ನೆಲ ನಡುಗುವುದು ಅವಳಿಗೆ ಗೊತ್ತು. ಇದು ಅದಲ್ಲ. ಕಲ್ಲಿನ ಸದ್ದಿನ ಒಳಗೆ ಇನ್ನೊಂದು ಸದ್ದು, ಕಾಳಿನ ಒಳಗೆ ಹುಳು ಇದ್ದ ಹಾಗೆ, ಅಡಗಿಕೊಂಡಿತ್ತು. ಎದ್ದು ಸುತ್ತ ನೋಡಿದಳು. ಗುಡಾಣದ ಹಿಂದೆ ನೋಡಿದಳು, ಅಟ್ಟ ಇಣುಕಿದಳು. ಈ ಮನೆಯಲ್ಲಿ ಇನ್ನೊಬ್ಬರಿದ್ದಾರೆ, ಇದ್ದೇ ಇದ್ದಾರೆ. ಇಲ್ಲದಿದ್ದರೆ ಎರಡನೇ ಮಣೆ ಯಾಕೆ?

ತಂಬಿಗೆಯವಳು ಬಂದಳು. ಮೂಕಿ ಉಗುಳಿದಳು. "ತುಂಬ ಐತಿ" ಅಂದಳು ತಂಬಿಗೆಯವಳು. ಹೋಗುವಾಗ ಹೊರಗಿನವಳಿಗೆ ಕಾಣದಂತೆ ಒಂದು ಮುಷ್ಟಿ ಹಿಟ್ಟು ಉಡಿಯಲ್ಲಿ ಹಾಕಿಕೊಂಡಳು. ಹೊರಗಿನವಳಿಗೆ ಕಂಡಿತು.

ತಂಬಿಗೆಯವಳು ಹೋದ ಮೇಲೆ ಉಳಿಯವ್ವ ಮೇಲಿನ ಕಲ್ಲನ್ನು ಎತ್ತಿ ಗೋಡೆಗೆ ಆನಿಸಿದಳು. ಮೂಸಿದಳು. ಬೆರಳಿಂದ ತೆಗೆದು ನೆಕ್ಕಿದಳು. ಜೋಳ. ಬೇರಿಲ್ಲ, ಬೂದಿಯಿಲ್ಲ. ಆದರೆ ಕೆಳಗಿನ ಕಲ್ಲಿನ ಮೇಲೆ ಅಂಗೈ ಆಡಿಸಿದಾಗ ಒಂದು ಕಡೆ ಕೈ ಇಳಿಯಿತು. ಮಣೆಯ ಎದುರಿಗೆ ಸರಿಯಾಗಿ ಎರಡು ಬೆರಳಗಲದ ತಗ್ಗು. ನಲವತ್ತು ವರ್ಷದಲ್ಲಿ ಎಷ್ಟು ಕಲ್ಲು ಮಗುಚಿದ್ದಳೋ, ಹೀಗೆ ಸವೆದ ಕಲ್ಲನ್ನು ಕಂಡಿರಲಿಲ್ಲ.

"ಸಿಕ್ಕಿತು" ಅಂದುಕೊಂಡಳು. ಏನೇ ಕಲಸಿದರೂ ಇದರಲ್ಲೇ ಅಡಗಿಸಿಡುತ್ತಾಳೆ.

ಅಷ್ಟರಲ್ಲಿ ಮೂಕಿ ತಟ್ಟೆ ತಂದಿಟ್ಟಳು. ಬಿಸಿ ರೊಟ್ಟಿ, ಹಿಂಡಿ ಚಟ್ನಿ, ಒಂದು ಉಳ್ಳಾಗಡ್ಡಿ. ಮನೆಗೆ ಬಂದವಳಿಗೆ ಊಟ ಇಡದೆ ಇರುತ್ತಾರೆಯೇ. ಉಳಿಯವ್ವನಿಗೆ ಅನುಮಾನ, ಹಸಿವು ಎರಡೂ ಇತ್ತು. ಒಂದು ತುತ್ತು ತಾನೇ, ನೋಡೇಬಿಡೋಣ ಅಂತ ಮುರಿದು ಬಾಯಿಗಿಟ್ಟಳು.

ಮೊದಲ ತುತ್ತು ಬರೀ ರೊಟ್ಟಿ. ಎರಡನೆಯದೂ ರೊಟ್ಟಿಯೇ. ಮೂರನೆಯ ತುತ್ತಿಗೆ ಅವಳ ತವರಿನ ಅಡುಗೆಮನೆ ಕಣ್ಣ ಮುಂದೆ ಬಂತು. ಅವ್ವ ಸತ್ತಾಗ ಅವಳು ಬೇರೆ ಊರಲ್ಲಿ ಕಲ್ಲು ಹೊಡೆಯುತ್ತಿದ್ದಳು. ಸುದ್ದಿ ತಿಳಿದು ಬರುವಷ್ಟರಲ್ಲಿ ಮೂರು ದಿನ. ಮನೆಯಲ್ಲಿ ಯಾರೂ ಇರಲಿಲ್ಲ. ಅವ್ವನ ಕಲ್ಲಿನ ಬಾಯಲ್ಲಿ ಅರ್ಧ ಬೀಸಿದ ರಾಗಿ ಹಾಗೇ ಇತ್ತು. ಉಳಿಯವ್ವ ಕೂತು ಆ ರಾಗಿಯನ್ನು ಬೀಸಿ ಮುಗಿಸಿದಳು. ಕಲ್ಲು ಗುಡಿಸಿಟ್ಟಳು. ಚೀಲ ಹೆಗಲಿಗೆ ಹಾಕಿಕೊಂಡು ಮುಂದಿನ ಊರಿಗೆ ನಡೆದಳು. ಹನ್ನೆರಡು ವರ್ಷವಾಗಿತ್ತು.

ತಟ್ಟೆಯ ಮೇಲೆ ಟಪ್ ಅಂತ ಸದ್ದಾಯಿತು. ನೋಡಿದರೆ ಅವಳದೇ ಕಣ್ಣೀರು.

ತಟ್ಟೆ ದೂಡಿ ಎದ್ದು ನಿಂತಳು. "ಏನು ಹಾಕೀದಿ ಇದರಾಗ? ಹೇಳು! ನನಗೂ ಹಾಕಿದಿ? ಹೊರಗಿನವಳು ನಾನು, ನಿನಗೇನು ಮಾಡೀನಿ?"

ಮೂಕಿ ಸೆರಗಿನ ತುದಿಯನ್ನು ಮುಂದೆ ಚಾಚಿದಳು, ಒರೆಸಿಕೋ ಅನ್ನುವಂತೆ.

ಉಳಿಯವ್ವನಿಗೆ ಹೆದರಿಕೆಯಾಯಿತು. ಹೆದರಿದವರು ತಮಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಾರೆ. ಉಳಿ ತೆಗೆದಳು, ಸುತ್ತಿಗೆ ತೆಗೆದಳು, ಆ ತಗ್ಗಿನ ಸುತ್ತ ಟಕ್ ಟಕ್ ಅಂತ ಹೊಡೆಯತೊಡಗಿದಳು. ಮೂಕಿ ಹಾರಿ ಬಂದು ಅವಳ ಮಣಿಕಟ್ಟು ಹಿಡಿದಳು. ಎಂಥ ಹಿಡಿತ ಅಂತೀರಿ, ಮುಳುಗುವವರ ಹಿಡಿತ.

"ಓಹೋ! ಕಳ್ಳಿ ಕೈ ಹಿಡೀತಾಳ!" ಅಂದಳು ಉಳಿಯವ್ವ. ಕೈ ಕೊಡವಿದಳು. ಹೊಡೆದಳು. ಹೊತ್ತು ಇಳಿಯುವವರೆಗೆ ಹೊಡೆದಳು. ಸುತ್ತಲಿನ ಕಲ್ಲನ್ನು ತಗ್ಗಿನ ಮಟ್ಟಕ್ಕೆ ಇಳಿಸಿ, ಎಲ್ಲ ಕಡೆ ಒಂದೇ ಸಮ ಹಲ್ಲು ಮೂಡಿಸಿ, ಅಂಗೈ ಆಡಿಸಿದಳು. ಈಗ ಕೈ ಎಲ್ಲೂ ಇಳಿಯಲಿಲ್ಲ. ಅವಳ ಬದುಕಿನಲ್ಲೇ ಅಷ್ಟು ಸೊಗಸಾಗಿ ಒಂದು ಕಲ್ಲು ಮಾಡಿರಲಿಲ್ಲ. ಮೂಕಿ ಮೂಲೆಯಲ್ಲಿ ಆ ಸಣ್ಣ ಮಣೆಯನ್ನು ಎದೆಗೆ ಅವುಚಿಕೊಂಡು ಕೂತಿದ್ದಳು.

ಮರುದಿನ ಮಧ್ಯಾಹ್ನ ಊರಿನ ಗಂಡಸರೆಲ್ಲ ಮೂಕಿಯ ಅಂಗಳದಲ್ಲಿ ನಿಂತರು. ಹೆಂಗಸರು ಅವರವರ ಮನೆಯಲ್ಲಿ ಕಲ್ಲಿನ ಮುಂದೆ, ಕಿವಿ ಮಾತ್ರ ಇತ್ತ. ಎದುರುಮನೆಯವಳು ಮೈ ಹುಷಾರಿಲ್ಲ ಅಂತ ಹೇಳಿ ಬೀಸುವುದು ತಪ್ಪಿಸಿಕೊಂಡು ಕಂಬದ ಹಿಂದೆ ಬಂದು ನಿಂತಿದ್ದಳು. ಹಿರಿಯರು ನಡುವೆ. ಪಕ್ಕದಲ್ಲಿ ತಂಬಿಗೆಯವಳು. ಎಲ್ಲರೂ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತಿದ್ದರು, ಯಾರ ತುಟಿಯ ಮೇಲೆ ಹಿಟ್ಟು ಉಳಿದಿದೆಯೋ ಅಂತ.

"ಏನು ಸಿಕ್ಕಿತು?" ಅಂದರು ಹಿರಿಯರು.

"ಒಂದು ತಗ್ಗು ಸಿಕ್ಕಿತರಿ. ಸಮ ಮಾಡೀನಿ. ಈಗ ಬೀಸಲಿ, ನೋಡೋಣು."

ಮೂಕಿ ಮಣೆಯನ್ನು ಅದರ ಜಾಗದಲ್ಲಿ ಇಟ್ಟಳು. ನೀರು ತುಂಬಿಕೊಂಡಳು. ಕಾಳು ಹಾಕಿದಳು. ಗೂಟ ಹಿಡಿದಳು. ಕಲ್ಲು ಗರಗರ ಅಂತ ಬಂತು. ಮಣೆಯ ಎದುರಿಗೆ ಅವಳ ಕೈ ತಾನಾಗಿ ತಡೆಯಿತು. ಹೊಸ ಹಲ್ಲಿನ ಕಲ್ಲು ತಡೆಯಲಿಲ್ಲ. ಕೈಯನ್ನೇ ಎಳೆದುಕೊಂಡು ಮುಂದೆ ಹೋಯಿತು. ಮತ್ತೊಂದು ಸುತ್ತು. ಮತ್ತೆ ಎಳೆಯಿತು. ಮೂರನೆಯ ಸುತ್ತಿಗೆ ಅವಳು ಗೂಟ ಬಿಟ್ಟುಬಿಟ್ಟಳು. ಬಾಯಲ್ಲಿ ನೀರು ಹಾಗೇ ಇತ್ತು. ಉಳಿಯವ್ವನ ಅಂಗಾಲಿಗೆ ಇವತ್ತು ಏನೂ ತಾಗಲಿಲ್ಲ. ಕಲ್ಲಿನ ಒಳಗಿನ ಸದ್ದು ಸತ್ತಿತ್ತು.

"ನಿಲ್ಲಿಸಿದಳು! ನೋಡಿದಿರೇನು? ತಗ್ಗು ಹೋತು, ಆಟ ನಿಂತಿತು" ಅಂದರು ಹಿರಿಯರು. "ಗಡಿ ಆಚೆ ಬಿಡೋ ತಯಾರಿ ಮಾಡ್ರಿ."

ಆಗ ಕಂಬದ ಹಿಂದಿನಿಂದ ಎದುರುಮನೆಯವಳು ಉಳಿಯವ್ವನ ಕಿವಿಗೆ ಬಾಯಿಟ್ಟಳು. ಎರಡು ವರ್ಷದಿಂದ ಗಂಟಲಲ್ಲಿಟ್ಟುಕೊಂಡದ್ದು ಅದು.

"ಯಕ್ಕಾ, ಆ ಮಣಿ ಮ್ಯಾಲ ಕೂಸು ಕೂಡತಿತ್ತು."

"ಯಾವ ಕೂಸು?"

"ಆಕಿದು. ಹೆಣ್ಣು. ನಾಕು ವರ್ಷದ್ದು. ನೀ ಬಂದಾಗೆಲ್ಲ ಸುತ್ತಿಗಿ ಸದ್ದಿಗಿ ಅಂಜಿ ನಮ್ಮನ್ಯಾಗ ಅಡಗತಿತ್ತು. ಇಷ್ಟಿಷ್ಟು ಮುಷ್ಟಿಲೆ ಕಾಳು ಹಾಕತಿತ್ತು ಕಲ್ಲಿನ ಬಾಯಾಗ. ಬೆರಳು ಸಿಕ್ಕೀತು ಅಂತ ಆಕಿ ಅಲ್ಲಿಗಿ ಬಂದಾಗ ಕಲ್ಲು ತಡೀತಿದ್ದಳು. ಒಂದ ದಿನದ ಜ್ವರದಾಗ ಹೋತು. ಈಗೂ ತಡೀತಾಳ. ನಾನು ಹೇಳೀನಿ ಅಂತ ಹೇಳಬ್ಯಾಡ."

ಉಳಿಯವ್ವ ಕಲ್ಲನ್ನು ನೋಡಿದಳು. ತಾನು ಸೊಗಸಾಗಿ ಮಾಡಿದ ಕಲ್ಲು. ಎರಡು ವರ್ಷ, ದಿನಕ್ಕೆ ನೂರು ಸುತ್ತು, ಪ್ರತಿ ಸುತ್ತಿಗೊಂದು ತಡೆ. ಆ ತಾಯಿ ಬೆರಳಗಲ ಬೆರಳಗಲವಾಗಿ ಕೂಸಿಗೆ ಒಂದು ಜಾಗ ಸವೆಸಿ ಇಟ್ಟುಕೊಂಡಿದ್ದಳು. ಆ ಜಾಗದಲ್ಲಿ ಕಲ್ಲು ಮೆಲ್ಲಗಾದಾಗ, ಉಬ್ಬಿದ ಕೆನ್ನೆಯ ಹಿಂದೆ, ಎದೆಯಿಂದ ತೋಳಿಗೆ, ತೋಳಿಂದ ಗೂಟಕ್ಕೆ, ಗೂಟದಿಂದ ಹಿಟ್ಟಿಗೆ ಒಂದು ಹಾಡು ಇಳಿದು ಹೋಗುತ್ತಿತ್ತು. ಬಾಯಿ ತೆರೆಯದೆ, ಒಂದು ಹನಿ ಚೆಲ್ಲದೆ. ಕಟ್ಟಳೆಗೆ ಕೂದಲೆಳೆಯಷ್ಟೂ ತಪ್ಪದೆ ಹಾಡುವ ವಿದ್ಯೆ ಅವಳೊಬ್ಬಳಿಗೇ ಬಂದಿತ್ತು. ಊರೆಲ್ಲ ಅದನ್ನು ತಿಂದು ಕಣ್ಣು ಒರೆಸಿಕೊಂಡು ಮಲಗುತ್ತಿತ್ತು.

"ಅಜ್ಜಾರ" ಅಂದಳು ಉಳಿಯವ್ವ. ದನಿ ಒರಟಾಗಿತ್ತು. "ಆಕಿ ಏನೂ ಹಾಕಿಲ್ಲ. ತಪ್ಪು ನಂದು. ಕೂಸಿನ ಜಾಗ ನಾನು ಹೊಡದು ಹಾಕೀನಿ."

ಸತ್ತ ಕೂಸಿನ ಮಾತನ್ನು ಆ ಊರಲ್ಲಿ ಯಾರೂ ಹಗಲಲ್ಲಿ, ಬಾಯಿ ಬಿಟ್ಟು ಆಡಿರಲಿಲ್ಲ.

"ಏನಂದಿ?" ಅಂದರು ಹಿರಿಯರು.

"ಕೂಸು ಅಂದೆ. ಕೂಸು. ನನ್ನ ಬಾಯಾಗ ನೀರಿಲ್ಲ, ಅದಕ್ಕ ಅಂದೆ."

ಅಷ್ಟು ಹೇಳಿ ಅವಳು ಹೋಗಿ ಆ ಗೇಣಗಲದ ಮಣೆಯ ಮೇಲೆ ಕೂತಳು. ಅರವತ್ತು ದಾಟಿದ ಹೆಂಗಸು, ಮೊಣಕಾಲು ಕಿವಿಗೆ ಬಂದವು. ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಅವಳು ಮೊರಕ್ಕೆ ಕೈ ಹಾಕಿ, ದೊಡ್ಡ ಹಿಡಿ ತುಂಬದೆ, ಐದಾರು ಕಾಳನ್ನಷ್ಟೇ ಮುಷ್ಟಿ ಕಟ್ಟಿ, ಕಲ್ಲಿನ ಬಾಯಿಗೆ ಬೆರಳು ಒಡ್ಡಿದಳು. ಉಳಿ ಹಿಡಿದು ಜಡ್ಡುಗಟ್ಟಿದ ಬೆರಳು.

"ತಿರುವು ತಂಗಿ" ಅಂದಳು. "ನನಗೂ ಬೆರಳು ಸಿಗತಾವ ಅಂತ ಅಂಜಿಕಿ ಐತಿ. ನೋಡಿ ತಿರುವು."

ಮೂಕಿ ಆ ಬೆರಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಿನ್ನೆ ಉಳಿ ಹಿಡಿದಿದ್ದ ಬೆರಳು ಅದೇ ಅಲ್ಲವೇ. ಒಂದು ಗಳಿಗೆ ಅವಳ ಕಣ್ಣಲ್ಲಿ ಏನೋ ಹೊಳೆಯಿತು. ತಿರುವಿ ಜಜ್ಜಿಬಿಡುತ್ತಾಳೆ ಅಂತ ಉಳಿಯವ್ವನಿಗೂ ಅನ್ನಿಸಿತು. ಆದರೂ ಬೆರಳು ತೆಗೆಯಲಿಲ್ಲ. ಯಾರನ್ನೂ ನಂಬದವಳು ಅಲ್ಲಿ, ಆ ಕಲ್ಲಿನ ಬಾಯಲ್ಲಿ, ಮೊದಲ ಸಲ ನಂಬಿ ಕೂತಳು.

ಮೂಕಿ ಗೂಟ ಹಿಡಿದಳು. ಕಲ್ಲು ಹೊರಟಿತು. ಗರಗರಗರ ಅಂತ ಬಂತು. ಬೆರಳಿನ ಎದುರಿಗೆ ಬಂದು, ಎಳೆಯಿತು, ಎಳೆಯಿತು, ಮೂಕಿ ಎರಡೂ ಕೈ ಹಾಕಿ ಹಿಡಿದಳು.

ಕಲ್ಲು ಮೆಲ್ಲಗಾಯಿತು.

ಆಗ ಮೂಕಿ ನೀರು ನುಂಗಿದಳು. ಗುಟುಕ್ ಅಂದದ್ದು ಅಂಗಳಕ್ಕೆಲ್ಲ ಕೇಳಿಸಿತು. ತಂಬಿಗೆಯವಳು ತಂಬಿಗೆ ಮುಂದೆ ಚಾಚಿ ನಿಂತಿದ್ದಳು. ಉಗುಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಎರಡು ವರ್ಷದ ತುಕ್ಕು ಹಿಡಿದ ಗಂಟಲು, ಮೊದಲು ಬಾಗಿಲು ಕಿರುಗುಟ್ಟಿದಂತೆ ಬಂತು, ಆಮೇಲೆ ಹಾಡಾಯಿತು.

ಮೆಲ್ಲಕ ಹಾಕವ್ವ ಹಿಡಿ ಜೋಳ, ಕಲ್ಲೀಗಿ
ಹಲ್ಲೈತಿ ಒಳಗ ಹಸಿವೈತಿ, ನನ ಕಂದ
ಬೆರಳ ತಗಿ ನಾನು ನಿಲಸೀನಿ.

ಅಷ್ಟೇ ಹಾಡು. ಮೂರು ಸಾಲು. ಅದನ್ನೇ ಮತ್ತೆ ಮತ್ತೆ ಹೇಳಿದಳು, ಸುತ್ತಿಗೊಮ್ಮೆ. ಹೇಳುತ್ತ ಅತ್ತಳು, ಅಳುತ್ತ ಬೀಸಿದಳು. ಎದುರುಮನೆಯವಳು ಕಂಬಕ್ಕೆ ಹಣೆ ಹಚ್ಚಿದಳು. ಬೀದಿಯುದ್ದಕ್ಕೂ ಒಂದೊಂದೇ ಮನೆಯಲ್ಲಿ ಕಲ್ಲು ನಿಂತಿತು. ನಿಂತ ಮನೆಯಲ್ಲೆಲ್ಲ ಒಂದು ಸದ್ದು. ಗುಟುಕ್. ಗುಟುಕ್. ಗುಟುಕ್. ತಂಬಿಗೆಯವಳು ಖಾಲಿ ತಂಬಿಗೆ ಹಿಡಿದುಕೊಂಡು ಬೀದಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಎಲ್ಲಿಗೆ ಓಡುವುದು?

ಎಲ್ಲರೂ ಹಿರಿಯರ ಮುಖ ನೋಡಿದರು. ಇನ್ನೇನು, ಈಗ ಅವರು ಒಂದು ಮಾತು ಅಂದರೆ ಮುಗಿಯಿತು. ಕಲ್ಲು ಒಡೆಯುತ್ತಾರೆ, ಅವಳನ್ನು ಗಡಿಯ ಆಚೆ ಬಿಡುತ್ತಾರೆ. ನಾಲ್ಕು ಜನ ಹಾರೆ ಹಿಡಿದೇ ನಿಂತಿದ್ದರು.

ಹಿರಿಯರು ಬಾಯಿ ತೆರೆಯಲು ಹೋದರು. ತೆರೆದರೆ ಆಜ್ಞೆ ಬರುವುದೋ ಬೇರೆ ಏನಾದರೂ ಬರುವುದೋ, ಅವರಿಗೇ ನಂಬಿಕೆ ಇರಲಿಲ್ಲ ಅಂತ ಕಾಣುತ್ತದೆ. ಗಬಕ್ಕನೆ ಮೂಕಿಯ ಚೊಂಬು ಎತ್ತಿಕೊಂಡು ಬಾಯಿ ತುಂಬ ನೀರು ಹಾಕಿಕೊಂಡರು. ಎರಡೂ ಕೆನ್ನೆ ಉಬ್ಬಿದವು.

"ಅಜ್ಜಾರ, ಏನು ಮಾಡೋಣು?" ಅಂದ ಹಾರೆ ಹಿಡಿದವನು.

ಹಿರಿಯರು ಮಾತಾಡಲಿಲ್ಲ. ಬಾಯಲ್ಲಿ ನೀರು.

"ಒಡೀಲೇನ್ರಿ?"

ಕೆನ್ನೆ ಇನ್ನಷ್ಟು ಉಬ್ಬಿತು. ಕಣ್ಣು ಕೆಂಪಾಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಹಿರಿಯರ ಬಾಯಿಂದ ಬಂದರಲ್ಲವೇ ಅಪ್ಪಣೆ? ಬರಲಿಲ್ಲ. ಹಾರೆ ಹಿಡಿದವರು ಕಾದರು. ನೆರಳು ಕಾಲ ಕೆಳಗಿನಿಂದ ಆಚೆ ಸರಿಯಿತು. ಮೂಕಿ ಮೊರದಲ್ಲಿದ್ದ ಜೋಳವನ್ನೆಲ್ಲ ಬೀಸಿ ಮುಗಿಸಿದಳು. ಹಾರೆಗಳು ಒಂದೊಂದಾಗಿ ನೆಲಕ್ಕೆ ಒರಗಿದವು.

ಹಿರಿಯರು ಉಳಿಯವ್ವನ ಚೀಲಕ್ಕೆ ಕೈ ತೋರಿಸಿದರು. ಆಮೇಲೆ ತಮ್ಮ ಮನೆಯ ಕಡೆ ತೋರಿಸಿದರು. ಹೊರಟರು.

ಉಳಿಯವ್ವ ಹಿಂದೆ ನಡೆದಳು. ಅನುಮಾನ ಬಿಟ್ಟಿರಲಿಲ್ಲ, ಅಷ್ಟು ಬೇಗ ಬಿಡುವಂಥದ್ದಲ್ಲ ಅದು. ಯಾಕೆ ಕರೆದರು, ಬಾಗಿಲು ಹಾಕುತ್ತಾರೋ ಏನೋ ಅಂತ ಉಳಿಯನ್ನು ಕೈಯಲ್ಲೇ ಹಿಡಿದಿದ್ದಳು. ಹಿರಿಯರು ಬಾಗಿಲು ಹಾಕಲಿಲ್ಲ, ಹಾರುಹೊಡೆದರು. ಮೂಲೆಗೆ ಹೋಗಿ ಗೋಣಿ ತೆಗೆದರು. ಗೋಡೆಗೆ ಒತ್ತಿದ್ದ ಕಲ್ಲನ್ನು ಇಬ್ಬರೂ ಸೇರಿ ಎಳೆದರು. ಉಳಿಯವ್ವ ಮೇಲಿನ ಕಲ್ಲು ಎತ್ತಿದಳು.

ಅರ್ಧ ಬೀಸಿದ ಕಾಳು. ಹುಳು ತಿಂದು ತೊಗಟೆ ಉಳಿದಿತ್ತು. ಗೂಟಕ್ಕೆ ಸುತ್ತಿದ್ದ ಹಳೆ ಸೀರೆಯ ಚೂರು ಬಣ್ಣ ಕಳೆದುಕೊಂಡಿತ್ತು. ಆ ಚೂರು ಸುತ್ತಿದ ಮನೆಯಾಕೆಯ ಕೈ ಬೀಸುವುದನ್ನು ನಡುವೆ ಬಿಟ್ಟು ಎದ್ದು ಹೋದದ್ದು, ಮತ್ತೆ ಬಂದು ಕೂರಲಿಲ್ಲ.

ಉಳಿಯವ್ವ ಉಳಿಯನ್ನು ಚೀಲಕ್ಕೆ ಹಾಕಿದಳು.

"ನಮ್ಮವ್ವನ ಕಲ್ಲಿನಾಗೂ ಹಿಂಗೇ ಇತ್ತರಿ" ಅಂದಳು. "ನಾನು ಕೂತು ಬೀಸಿ ಮುಗಿಸಿದೆ. ಅಳಲಿಲ್ಲ. ನೀವು ಮುಗಿಸದ ಇಟ್ಟೀರಿ. ನೀವೂ ಅಳಲಿಲ್ಲ. ಯಾವುದು ತಪ್ಪೋ ನನಗ ತಿಳೀದು. ಈ ಕಲ್ಲಿಗಿ ನಾನು ಉಳಿ ಮುಟ್ಟಿಸೂದಿಲ್ಲ. ಇದು ಎಲ್ಲಿ ತಡೀತಿತ್ತು, ಮೊದಲು ಅದನ್ನ ನೀವು ನೋಡಿಕೊಳ್ಳರಿ."

ಹಿರಿಯರು ಕಲ್ಲಿನ ಮುಂದೆ ಕೂತರು. ಹೇಗೆ ಕೂರಬೇಕೆಂದೂ ಗೊತ್ತಿರಲಿಲ್ಲ ಪಾಪ, ಒಂದು ಕಾಲು ಚಾಚಿದರು, ಮತ್ತೆ ಮಡಚಿದರು. ಕೆನ್ನೆ ಉಬ್ಬಿಯೇ ಇತ್ತು. ಸೀರೆ ಚೂರಿನ ಮೇಲೆ ಕೈ ಇಟ್ಟು ತಿರುವಿದರು. ವರ್ಷಗಟ್ಟಲೆ ಕೂತ ಕಲ್ಲು ಜಪ್ಪಯ್ಯ ಅನ್ನಲಿಲ್ಲ. ಮತ್ತೆ ತಿರುವಿದರು. ಗರ್ ಅಂತು. ಅರ್ಧ ಸುತ್ತು ಬಂತು. ಬಂದು ಒಂದು ಕಡೆ, ಯಾರೂ ತಡೆಯದೆ, ತಾನೇ ತಾನಾಗಿ ಮೆಲ್ಲಗಾಯಿತು.

ಹಿರಿಯರು ಆ ಜಾಗಕ್ಕೆ ಅಂಗೈ ಇಟ್ಟರು.

ಉಳಿಯವ್ವ ಎದುರಿಗೆ ಕುಕ್ಕರಗಾಲಲ್ಲಿ ಕೂತು ಕಾದಳು. ಹೊರಗೆ ಬೀದಿಯಲ್ಲಿ ಯಾರೋ ಹೆಸರು ಹಿಡಿದು ಕರೆಯುತ್ತಿದ್ದರು, ಸತ್ತವರ ಹೆಸರು, ಒಂದಾದ ಮೇಲೊಂದು. ಒಳಗೆ ಹಿರಿಯರ ಅಂಗೈ ಆ ಜಾಗದಲ್ಲೇ ಇತ್ತು.

ಆಮೇಲೆ, ಗುಟುಕ್.